ಚಿಕ್ಕ ಸಭೆಯಲ್ಲಿ ಪಾಸ್ಟರ್ ಸಂಬಳ ನಿಗದಿ ಮಾಡುವುದು ಹೇಗೆ?

ನಾನು ಆರು ವರ್ಷ ಒಂದು ಚಿಕ್ಕ ಸಭೆಯ (ಚರ್ಚಿನ) ಖಜಾಂಚಿ ಆಗಿದ್ದೆ. ತಾಲ್ಲೂಕು ಕೇಂದ್ರ, ಬಾಡಿಗೆ ಹಾಲ್, ನಲವತ್ತು ಮನೆ ವಿಶ್ವಾಸಿಗಳು. ತಿಂಗಳ ಕೊನೇ ಭಾನುವಾರ ಆರಾಧನೆ ಮುಗಿದ ಮೇಲೆ ಕೂತು ಕಾಣಿಕೆ ಎಣಿಸುತ್ತಿದ್ದೆವು. ಹಾಲ್ ಬಾಡಿಗೆ ತೆಗೆದಿಟ್ಟು, ಕರೆಂಟ್ ಬಿಲ್ ತೆಗೆದಿಟ್ಟು, ಕೀಬೋರ್ಡ್ ರಿಪೇರಿಗೆ ತೆಗೆದಿಟ್ಟು, ಮಿಕ್ಕಿದ್ದನ್ನು ಕವರ್‌ಗೆ ಹಾಕಿ ಪಾಸ್ಟರ್ ಕೈಗೆ ಕೊಡುತ್ತಿದ್ದೆವು. ಒಂದು ತಿಂಗಳು 14,000 ರೂಪಾಯಿ. ಇನ್ನೊಂದು ತಿಂಗಳು 6,500. ಅವರು ನಮ್ಮ ಎದುರಿಗೆ ಯಾವತ್ತೂ ಕವರ್ ತೆರೆದು ನೋಡಿದವರಲ್ಲ. "ಕರ್ತನು ಒದಗಿಸುತ್ತಾನೆ" ಅಂತ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ನಮಗೂ ಅದು ಚೆನ್ನಾಗೇ ಕಾಣುತ್ತಿತ್ತು. ಮಗಳ ಕಾಲೇಜು ಫೀಸಿಗೆ ಪಾಸ್ಟರಮ್ಮನ (ಪಾಸ್ಟರ್ ಹೆಂಡತಿಯ) ಸರ ಗಿರವಿಗೆ ಹೋದದ್ದು ನಮಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅದೂ ಬೇರೆಯವರ ಬಾಯಿಂದ.

ಆಮೇಲೆ ನಾವು ಲೆಕ್ಕದ ಕ್ರಮವನ್ನೇ ತಿರುಗಿಸಿದೆವು. ಮೊದಲು ಪಾಸ್ಟರ್ ಸಂಬಳ, ಆಮೇಲೆ ಮಿಕ್ಕಿದ್ದೆಲ್ಲ. ಹಾಗೆ ಮಾಡುವಾಗ ಏನೇನು ನೋಡಬೇಕಾಯಿತು, ಎಲ್ಲೆಲ್ಲಿ ಎಡವಿದೆವು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ತರಹದ ದೊಡ್ಡ ಪಂಗಡಗಳಲ್ಲಿ ಅಯ್ಯನವರ, ಅಂದರೆ ಪಾಸ್ಟರ್‌ಗಳ ಸಂಬಳ, ವರ್ಗಾವಣೆ ಎಲ್ಲ ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ್ಯ) ನೋಡಿಕೊಳ್ಳುತ್ತದೆ. ಕ್ಯಾಥೊಲಿಕ್ ಗುರುಗಳಿಗೆ ಸಂಸಾರ ಇಲ್ಲ, ಅವರ ಹಿಂದೆ ಧರ್ಮಪ್ರಾಂತ್ಯ ನಿಂತಿರುತ್ತದೆ. ಈ ಲೇಖನ ಅಂಥ ಬೆನ್ನಾಸರೆ ಇಲ್ಲದ ಸ್ವತಂತ್ರ ಸಭೆಗಳ ಹಿರಿಯರಿಗೆ, ಟ್ರಸ್ಟಿಗಳಿಗೆ, ಖಜಾಂಚಿಗಳಿಗೆ.

ಶುರುವಿಗೆ ಮುಂಚೆ: ಸಂಬಳದ ಮಾತು ಆಡಬಹುದಾ?

ಕಮಿಟಿಯಲ್ಲಿ ಈ ವಿಷಯ ಎತ್ತಿದ ಕೂಡಲೇ ಯಾರಾದರೂ ಒಬ್ಬರು "ಸೇವೆಗೆ ಸಂಬಳ ಎಂಥದ್ದು, ಅವರು ವಿಶ್ವಾಸದ ಮೇಲೆ ಬಂದವರು" ಅನ್ನುತ್ತಾರೆ. ಆ ಮಾತಿಗೆ ಉತ್ತರ ಮನೆಯಿಂದಲೇ ಸಿದ್ಧ ಮಾಡಿಕೊಂಡು ಹೋಗಿ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅಂತ ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿದೆ. ನಮ್ಮ ಕಡೆ ಒಕ್ಕಲು ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಸುತ್ತುವ ಎತ್ತು ನಡುನಡುವೆ ಬಾಯಿ ಹಾಕಿದರೆ ಒಳ್ಳೆ ರೈತ ಸುಮ್ನಿರುತ್ತಾನೆ. ಅಪೊಸ್ತಲ ಪೌಲ ಈ ಮಾತನ್ನೇ ಎರಡು ಕಡೆ ಎತ್ತಿಕೊಂಡಿದ್ದಾನೆ: 1 ಕೊರಿಂಥ 9ರಲ್ಲಿ, 1 ತಿಮೊಥೆ 5ರಲ್ಲಿ. ಎರಡೂ ಕಡೆ ಮಾತು ಸುವಾರ್ತೆ ಸಾರುವವರ, ಸಭೆ ನಡೆಸುವವರ ಜೀವನದ ಬಗ್ಗೆಯೇ.

ಆಗ ಇನ್ನೊಬ್ಬರು ಎದ್ದು "ಪೌಲ ಗುಡಾರ ಹೊಲಿದು ತಿಂದನಲ್ಲ" ಅನ್ನುತ್ತಾರೆ. ನಿಜವೇ, ಅಪೊಸ್ತಲರ ಕೃತ್ಯಗಳು 18ರಲ್ಲಿ ಇದೆ. ಆದರೆ ನನಗೆ ಹಕ್ಕಿದೆ, ಬೇಡ ಅಂತ ಬಿಟ್ಟಿದ್ದೇನೆ ಅಂತ ಹೇಳಿದವನು ಪೌಲನೇ. ಅವನ ಪರವಾಗಿ ಆ ಹಕ್ಕನ್ನು ಕೊರಿಂಥದ ಕಮಿಟಿ ಬಿಟ್ಟುಕೊಡಲಿಲ್ಲ, ಅಲ್ವಾ?

ಹೆಜ್ಜೆ 1: ಹನ್ನೆರಡು ತಿಂಗಳ ಕಾಣಿಕೆ ಬರೆದುಕೊಳ್ಳಿ

ಒಂದು ತಿಂಗಳ ಕಾಣಿಕೆ ನೋಡಿ ಸಂಬಳ ಹೇಳಬೇಡಿ. ಡಿಸೆಂಬರ್‌ನಲ್ಲಿ ತಟ್ಟೆ ತುಂಬಿರುತ್ತದೆ. ಜೂನ್‌ನಲ್ಲಿ ಸ್ಕೂಲ್ ಫೀಸು, ಬಿತ್ತನೆ ಎರಡೂ ಒಟ್ಟಿಗೆ ಬಂದು ಖಾಲಿ ಹೊಡೆಯುತ್ತದೆ. ಕಾಫಿ ತೋಟದ ಕಡೆಯ ಸಭೆಗಳದ್ದು ಬೇರೆಯೇ ಲೆಕ್ಕ, ಅಲ್ಲಿ ಕೊಯ್ಲು ಮುಗಿಯುವ ತನಕ ಕೈಯಲ್ಲಿ ಕಾಸು ಆಡುವುದಿಲ್ಲ. ಅದಕ್ಕೇ ಹಿಂದಿನ ಹನ್ನೆರಡು ತಿಂಗಳ ಕಾಣಿಕೆ, ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ಎಲ್ಲ ಕೂಡಿಸಿ, ಹನ್ನೆರಡರಿಂದ ಭಾಗಿಸಿ. ಕಟ್ಟಡಕ್ಕೆ ಅಂತ ಯಾರೋ ಒಮ್ಮೆ ಕೊಟ್ಟ ದೊಡ್ಡ ಮೊತ್ತ ಇದರಲ್ಲಿ ಸೇರಬಾರದು. ಸುಗ್ಗಿ ಹಬ್ಬದಲ್ಲಿ ವಿಶ್ವಾಸಿಗಳು ತಂದ ಬೆಳೆಯ ಹರಾಜಿನ ದುಡ್ಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ, ಅದಕ್ಕೆ ಒಳ್ಳೆ ಕೆಲಸ ಇದೆ.

ಹೆಜ್ಜೆ 2: ಪಾಸ್ಟರ್ ಮನೆಯ ಖರ್ಚು ಕೇಳಿ

ಕೇಳಲು ಎಲ್ಲರಿಗೂ ಮುಜುಗರ. ಹೇಳಲು ಅವರಿಗೆ ಇನ್ನೂ ಜಾಸ್ತಿ ಮುಜುಗರ. ನಾವು ಮಾಡಿದ್ದು ಇಷ್ಟೇ: ಇಬ್ಬರು ಹಿರಿಯರು, ಒಬ್ಬರು ಹೆಂಗಸು ಒಬ್ಬರು ಗಂಡಸು, ಪಾಸ್ಟರ್ ಮನೆಗೆ ಹೋಗಿ ಗಂಡಹೆಂಡತಿ ಇಬ್ಬರ ಜೊತೆಗೂ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡರು. ಬಾಡಿಗೆ, ರೇಷನ್, ಗ್ಯಾಸ್, ಹಾಲು, ಮಕ್ಕಳ ಫೀಸು, ಔಷಧಿ, ಊರಲ್ಲಿರುವ ತಾಯಿಗೆ ಕಳಿಸುವ ದುಡ್ಡು, ಸಾಲದ ಕಂತು. ಆ ಹಾಳೆ ಕಮಿಟಿಗೆ ಬರಲಿಲ್ಲ, ಒಟ್ಟು ಮೊತ್ತ ಮಾತ್ರ ಬಂತು. ಒಂದು ಸಂಸಾರದ ಅಕ್ಕಿಬೇಳೆ ಲೆಕ್ಕವನ್ನು ನಲವತ್ತು ಮನೆ ಮುಂದೆ ಹರಡುವುದು ಸರಿಯಲ್ಲ.

ಅದರ ಪಕ್ಕದಲ್ಲಿ ಒಂದು ಅಳತೆಗೋಲು ಇಟ್ಟುಕೊಳ್ಳಿ. ನಿಮ್ಮದೇ ಊರಲ್ಲಿ, ಅಷ್ಟೇ ಓದಿರುವ, ಅಷ್ಟೇ ಅನುಭವ ಇರುವ ಖಾಸಗಿ ಶಾಲೆ ಮೇಷ್ಟ್ರಿಗೆ ಎಷ್ಟು ಸಂಬಳ? ರಾಜ್ಯದ ಕಾರ್ಮಿಕ ಇಲಾಖೆ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಪರಿಷ್ಕರಿಸಿ ಕನಿಷ್ಠ ವೇತನದ ಪಟ್ಟಿ ಹಾಕುತ್ತದೆ, ಅದನ್ನೂ ನೋಡಿ. ಅದು ನಿಮ್ಮ ಸಭೆಗೆ ಕಾನೂನಿನಂತೆ ಅನ್ವಯಿಸುತ್ತದೋ ಇಲ್ಲವೋ ಅನ್ನುವ ಚರ್ಚೆ ಬೇಡ. ಅಂಗಡಿಯ ಸಹಾಯಕನಿಗೆ ಸರ್ಕಾರ ಕಟ್ಟಿದ ಬೆಲೆಗಿಂತ ಕಡಿಮೆಗೆ ಪಾಸ್ಟರ್ ದುಡಿಯುತ್ತಿದ್ದರೆ ಅದು ಹಿರಿಯರಿಗೆ ಗೊತ್ತಿರಬೇಕು, ಅಷ್ಟೇ.

ಹೆಜ್ಜೆ 3: ಸಂಬಳ ಬೇರೆ, ಸೇವೆಯ ಖರ್ಚು ಬೇರೆ

ಜಾಸ್ತಿ ಸಭೆಗಳು ಎಡವುವುದು ಇಲ್ಲೇ. ಕಾಣಿಕೆ ಚೆನ್ನಾಗಿ ಬಂದ ತಿಂಗಳಲ್ಲಿ ನಾವು "14,000 ಕೊಟ್ಟೆವು" ಅಂದುಕೊಳ್ಳುತ್ತಿದ್ದೆವು. ಆ 14,000ದಲ್ಲಿ ಬೈಕಿನ ಪೆಟ್ರೋಲ್ ಇತ್ತು. ಆಸ್ಪತ್ರೆಯಲ್ಲಿದ್ದವರನ್ನು ನೋಡಲು ಜಿಲ್ಲಾ ಕೇಂದ್ರಕ್ಕೆ ಹೋಗಿಬಂದ ಬಸ್ ಚಾರ್ಜ್ ಇತ್ತು. ಮೊಬೈಲ್ ರೀಚಾರ್ಜ್ ಇತ್ತು. ಮನೆಗೆ ಪ್ರಾರ್ಥನೆಗೆ ಬಂದವರಿಗೆಲ್ಲ ಕಾಸಿದ ಕಾಫಿ ಇತ್ತು. ದಾರಿಯಲ್ಲಿ ಕೈಚಾಚಿದವರಿಗೆ ಕೊಟ್ಟ ನೂರು, ಇನ್ನೂರು ಇತ್ತು. ಇದನ್ನೆಲ್ಲ ಕಳೆದರೆ ಸಂಸಾರಕ್ಕೆ ಉಳಿಯುತ್ತಿದ್ದದ್ದು ಹತ್ತು ಸಾವಿರವೂ ಇಲ್ಲ.

ಒಂದು ಪುಸ್ತಕ ಕೊಡಿ. ಪೆಟ್ರೋಲ್, ಪ್ರಯಾಣ, ಫೋನು, ಅತಿಥಿ ಸತ್ಕಾರ ಅದರಲ್ಲಿ ಬರೆಯಲಿ, ತಿಂಗಳ ಕೊನೆಗೆ ಖಜಾಂಚಿ ಆ ದುಡ್ಡು ವಾಪಸ್ ಕೊಡಲಿ. ಪ್ರತಿ ಟೀ ಲೋಟಕ್ಕೂ ರಸೀದಿ ಕೇಳಬೇಡಿ, ಅತಿಥಿ ಸತ್ಕಾರಕ್ಕೆ ತಿಂಗಳಿಗೆ ಇಂತಿಷ್ಟು ಅಂತ ಇಟ್ಟುಬಿಡಿ. ಪೆಟ್ರೋಲ್‌ಗೆ ಕಿಲೋಮೀಟರ್ ಲೆಕ್ಕ ಒಳ್ಳೆಯದು.

ಕ್ರಿಸ್ಮಸ್ ಉಡುಗೊರೆಯನ್ನೂ ಸಂಬಳಕ್ಕೆ ಸೇರಿಸಬೇಡಿ. ಒಬ್ಬ ಪಾಸ್ಟರ್ ಮನೆಯ ಟ್ರಂಕಿನಲ್ಲಿ ಹನ್ನೊಂದು ಪ್ಯಾಂಟ್ ಪೀಸ್ ಇದ್ದದ್ದನ್ನು ನಾನೇ ನೋಡಿದ್ದೇನೆ. ಹೊಲಿಗೆ ಕೂಲಿ ಯಾರೂ ಕೊಟ್ಟಿರಲಿಲ್ಲ.

ಹೆಜ್ಜೆ 4: ಮನೆ

ಬಾಡಿಗೆ ಮನೆಯಾದರೆ ಕರಾರುಪತ್ರ ಸಭೆಯ ಟ್ರಸ್ಟ್ ಹೆಸರಲ್ಲೇ ಇರಲಿ, ಅಡ್ವಾನ್ಸ್ ಸಭೆಯೇ ಕೊಡಲಿ. ಹನ್ನೊಂದು ತಿಂಗಳ ಕರಾರು ಮುಗಿದಾಗ ಮಾಲೀಕರ ಜೊತೆ ಮಾತಾಡಬೇಕಾದವರು ಟ್ರಸ್ಟಿಗಳು. "ಪಾಸ್ಟರ್‌ಗೆ ಮನೆ ಕೊಡಲ್ಲ, ಜನ ಬಂದು ಹೋಗಿ ಮಾಡ್ತಾರೆ" ಅನ್ನುವ ಮಾಲೀಕರು ಎಲ್ಲ ಊರಲ್ಲೂ ಇದ್ದಾರೆ. ಆ ಮಾತನ್ನು ಪಾಸ್ಟರ್ ಒಬ್ಬರೇ ನಿಂತು ಕೇಳಿಸಿಕೊಳ್ಳಬೇಕಾಗಿಲ್ಲ.

ಸಭೆಗೆ ಸ್ವಂತ ಮನೆ ಇದ್ದು ಅದರಲ್ಲೇ ಪಾಸ್ಟರ್ ಇದ್ದರೆ ಎಲ್ಲರೂ ನಿಶ್ಚಿಂತರು. ಅಪಾಯ ಇರುವುದು ಅಲ್ಲೇ. ಮೂವತ್ತು ವರ್ಷ ಆ ಮನೆಯಲ್ಲಿದ್ದು, ನಿವೃತ್ತಿಯಾದ ದಿನ ಅವರು ಪಾತ್ರೆ ಪಗಡ ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಪಾಸ್ಟರ್ ನಡುವಯಸ್ಸಲ್ಲಿ ತೀರಿಕೊಂಡರಂತೂ ಹೆಂಡತಿ ಮಕ್ಕಳು ಒಂದೇ ಸಲಕ್ಕೆ ದುಡಿಯುವವರನ್ನೂ ಸೂರನ್ನೂ ಕಳೆದುಕೊಳ್ಳುತ್ತಾರೆ. ಹೊಸ ಪಾಸ್ಟರ್‌ಗೆ ಮನೆ ಬೇಕು ಅಂತ ಸಭೆ ಬೇರೆ ಅವಸರ ಮಾಡುತ್ತದೆ. ಅದಕ್ಕೇ ಎರಡು ವಿಷಯ ಈಗಲೇ ಬರೆದಿಡಿ. ಸಾವು ಸಂಭವಿಸಿದರೆ ಕುಟುಂಬ ಎಷ್ಟು ತಿಂಗಳು ಮನೆಯಲ್ಲಿರಬಹುದು ಅನ್ನುವುದು ಒಂದು. ನಾವು ಹನ್ನೆರಡು ತಿಂಗಳು ಅಂತ ಬರೆದೆವು. ಬಾಡಿಗೆ ಉಳಿಯುತ್ತಿರುವ ದುಡ್ಡಿನಲ್ಲಿ ಒಂದು ಪಾಲು ಪಾಸ್ಟರ್ ಹೆಸರಲ್ಲಿ ಉಳಿತಾಯ ಆಗಬೇಕು ಅನ್ನುವುದು ಇನ್ನೊಂದು. ಸಭೆಗೆ ಸೈಟ್ ತೆಗೆದುಕೊಳ್ಳುವ ಉತ್ಸಾಹದ ಹತ್ತರಲ್ಲೊಂದು ಪಾಲು ಈ ಕಡೆ ಬಂದರೂ ಸಾಕಿತ್ತು.

ಹೆಜ್ಜೆ 5: ಕಾಯಿಲೆ, ಅಪಘಾತ

ಮೊದಲು ರೇಷನ್ ಕಾರ್ಡ್ ನೋಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಸ್ಥಿತಿ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. 70 ದಾಟಿದವರಿಗೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದಾಯದ ಮಿತಿ ಇಲ್ಲದೆ 5 ಲಕ್ಷದ ಆಯುಷ್ಮಾನ್ ಸೌಲಭ್ಯ ಶುರು ಮಾಡಿದೆ. ಪಾಸ್ಟರ್ ಮನೆಯ ಹಿರಿಯರಿಗೆ ಇದನ್ನು ಕೇಳಿ ನೋಡಿ. ಕಾರ್ಡ್ ಎಪಿಎಲ್ ಆಗಿದ್ದರೆ ಕುಟುಂಬಕ್ಕೆಲ್ಲ ಸೇರಿ ಒಂದು ಆರೋಗ್ಯ ವಿಮೆ ಮಾಡಿಸಿ, ಪ್ರೀಮಿಯಂ ಸಭೆ ಕಟ್ಟಲಿ. ಚಿಕ್ಕ ವಯಸ್ಸಲ್ಲೇ ಮಾಡಿಸಿದರೆ ಪ್ರೀಮಿಯಂ ಕಡಿಮೆ. ಸಕ್ಕರೆ ಕಾಯಿಲೆ ಬಂದ ಮೇಲೆ ಹೋದರೆ ಕಾಯುವ ಅವಧಿ ಅದು ಇದು ಅಂತ ರಗಳೆ.

ಇನ್ನೆರಡು ವಿಮೆ ಇವೆ. ನಮ್ಮ ಸಭೆ ವರ್ಷಗಟ್ಟಲೆ ಇವುಗಳ ಕಡೆ ನೋಡಿರಲೇ ಇಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ, ವಯಸ್ಸು 18ರಿಂದ 70. ಪ್ರಧಾನಮಂತ್ರಿ ಜೀವನ್ ಜ್ಯೋತಿ: ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ, 18ರಿಂದ 50ರೊಳಗೆ ಸೇರಬೇಕು. ಬ್ಯಾಂಕ್ ಖಾತೆ ಇದ್ದರೆ ಸಾಕು. ಗಂಡಹೆಂಡತಿ ಇಬ್ಬರಿಗೂ ಎರಡೂ ಮಾಡಿಸಿದರೆ ವರ್ಷಕ್ಕೆ 912 ರೂಪಾಯಿ. ಒಂದು ಭಾನುವಾರದ ಹೂವಿನ ಖರ್ಚು.

ಹೆಜ್ಜೆ 6: ವಯಸ್ಸಾದ ಮೇಲೆ

ಪಿಎಫ್ ಕಾನೂನು ಸಾಮಾನ್ಯವಾಗಿ 20 ಜನ ಕೆಲಸಗಾರರಿರುವ ಸಂಸ್ಥೆಗೆ. ಗ್ರಾಚುಟಿ (ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಮೊತ್ತ) ಕಾನೂನು 10 ಜನ ಇರುವ ಕಡೆಗೆ. ಒಬ್ಬರೇ ಪಾಸ್ಟರ್ ಇರುವ ಸಭೆ ಎರಡರಿಂದಲೂ ಹೊರಗೆ. ಆದ್ದರಿಂದ ಸಭೆ ತಾನಾಗಿಯೇ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪಾಸ್ಟರ್‌ಗೆ ಇನ್ನೂ 40 ಆಗಿಲ್ಲ, ಆದಾಯ ತೆರಿಗೆ ಕಟ್ಟುವವರಲ್ಲ ಅಂದರೆ ಅಟಲ್ ಪಿಂಚಣಿ ಯೋಜನೆ ಸುಲಭ. 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಪಿಂಚಣಿ. 30ನೇ ವಯಸ್ಸಲ್ಲಿ ಸೇರಿದರೆ 5,000ದ ಪಿಂಚಣಿಗೆ ತಿಂಗಳ ಕಂತು 577 ರೂಪಾಯಿ. 35ಕ್ಕೆ ಸೇರಿದರೆ 902. ಐದು ವರ್ಷ ತಡಮಾಡಿದ್ದಕ್ಕೆ ಎಷ್ಟು ಜಾಸ್ತಿ ನೋಡಿ. ಹೆಂಡತಿ ಹೆಸರಲ್ಲೂ ಒಂದು ಬೇರೆ ಖಾತೆ ಮಾಡಬಹುದು. ಇಷ್ಟೇ ಸಾಲದು ಖಂಡಿತ, ಮೂವತ್ತು ವರ್ಷ ಕಳೆದ ಮೇಲೆ 5,000ಕ್ಕೆ ಏನು ಬರುತ್ತದೋ. ಅದರ ಜೊತೆಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಅಥವಾ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಇರಲಿ. ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500, ಹೆಚ್ಚೆಂದರೆ ಒಂದೂವರೆ ಲಕ್ಷ, ಅವಧಿ 15 ವರ್ಷ. 45 ದಾಟಿದ ಪಾಸ್ಟರ್‌ಗೆ ನಾನು ಹೇಳುವುದು ಪಿಪಿಎಫ್. ಅಂಚೆ ಕಚೇರಿಯಲ್ಲೇ ಆಗುತ್ತದೆ, ಅರ್ಥ ಮಾಡಿಕೊಳ್ಳುವುದೂ ಸುಲಭ. ಸಭೆ ಎಷ್ಟು ಹಾಕುತ್ತದೋ ಪಾಸ್ಟರ್ ಕೂಡ ಅಷ್ಟು ಹಾಕಲಿ ಅನ್ನುವ ನಿಯಮ ಕೆಲವರು ಇಡುತ್ತಾರೆ. ಸಂಬಳ ನೆಟ್ಟಗಾಗುವ ತನಕ ಆ ನಿಯಮ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಗ್ರಾಚುಟಿಗೆ ಕಾನೂನಿನ ಸೂತ್ರವನ್ನೇ ಸಾಲ ತೆಗೆದುಕೊಳ್ಳಿ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಲೆಕ್ಕ ಸುಲಭ ಆಗಲಿ ಅಂತ ಸಂಬಳ 15,600 ಅಂದುಕೊಳ್ಳಿ. ದಿನಕ್ಕೆ 600, ಹದಿನೈದು ದಿನಕ್ಕೆ 9,000. ಹತ್ತು ವರ್ಷಕ್ಕೆ 90,000. ತಿಂಗಳಿಗೆ 750 ಎತ್ತಿಟ್ಟರೆ ಬಡ್ಡಿ ಸೇರಿ ಮುಂದಿನ ಸಂಬಳ ಏರಿಕೆಗೂ ಸ್ವಲ್ಪ ಆಸರೆ ಆಗುತ್ತದೆ.

ಸುಗ್ಗಿ ಹಬ್ಬದ ದುಡ್ಡಿಗೆ ಕೆಲಸ ಇದೆ ಅಂದೆನಲ್ಲ, ಅದು ಇದೇ. ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗುವ ಉತ್ಸಾಹ ನಮ್ಮ ಜನಕ್ಕಿದೆ. ಆ ದುಡ್ಡು ಈ ನಿಧಿಗೆ ಹೋಗುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ ಕೂಗು ಇನ್ನೂ ಮೇಲೇರುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಹೆಜ್ಜೆ 7: ರಜೆ, ಮತ್ತೆ ಪಾಸ್ಟರಮ್ಮನ ಕೆಲಸ

ವಾರಕ್ಕೊಂದು ದಿನ ಪೂರ್ತಿ ರಜೆ. ಭಾನುವಾರ ಅವರಿಗೆ ಕೆಲಸದ ದಿನ, ಅದಕ್ಕೆ ಸೋಮವಾರ ಇಡಿ. ಆ ದಿನ ಮನೆ ಪ್ರಾರ್ಥನೆ, ನಾಮಕರಣ, ಹುಟ್ಟುಹಬ್ಬಕ್ಕೆ ಕರೆಯಬೇಡಿ. ಸಾವಾದರೆ ಮಾತ್ರ ಬೇರೆ ಮಾತು. ವರ್ಷಕ್ಕೆ ಮೂರು ವಾರ ಸಂಬಳ ಸಹಿತ ರಜೆ, ಅದರಲ್ಲಿ ಎರಡು ಭಾನುವಾರ ಹಿರಿಯರೇ ಪ್ರಸಂಗ ಮಾಡಲಿ. ಸಭೆ ಮುಳುಗಿಹೋಗುವುದಿಲ್ಲ. ಪಾಸ್ಟರ್ ಹೆಂಗಸಾಗಿದ್ದರೆ ಹೆರಿಗೆ ರಜೆಗೆ ಕಾನೂನಿನ 26 ವಾರವನ್ನೇ ಅಳತೆ ಮಾಡಿಕೊಳ್ಳಿ. ಸಿಎಸ್‌ಐ 1976ರಲ್ಲೇ ಹೆಣ್ಣುಮಗಳಿಗೆ ಪಾಸ್ಟರ್ ದೀಕ್ಷೆ ಕೊಟ್ಟಿತು. ಎಷ್ಟೋ ಚಿಕ್ಕ ಸಭೆಗಳು ಈ ಪ್ರಶ್ನೆಯನ್ನು ಇನ್ನೂ ಯೋಚಿಸಿಯೇ ಇಲ್ಲ.

ಇನ್ನು ಪಾಸ್ಟರಮ್ಮ. ಭಾನುವಾರ ಶಾಲೆ ಅವರದ್ದು, ಸ್ತ್ರೀಯರ ಕೂಟ ಅವರದ್ದು, ಪ್ರಭುಭೋಜನದ ಪಾತ್ರೆ ತೊಳೆಯುವುದೂ ಅವರದ್ದೇ. ಒಂದು ಸಂಬಳಕ್ಕೆ ಇಬ್ಬರು ದುಡಿಯುವ ಕೆಲಸ ಇದೊಂದೇ ಇರಬೇಕು. ಅವರಿಗೆ ಬೇರೆ ಗೌರವಧನ ಕೊಡಿ, ಅವರದೇ ಖಾತೆಗೆ. ಆಗದಿದ್ದರೆ ಆ ಕೆಲಸಗಳನ್ನು ಸಭೆಯವರು ಹಂಚಿಕೊಳ್ಳಿ. ಅವರು ಹೊರಗೆ ಟೀಚರ್ ಕೆಲಸಕ್ಕೋ ನರ್ಸ್ ಕೆಲಸಕ್ಕೋ ಹೋಗುವುದಾದರೆ ಮುಖ ಸಿಂಡರಿಸಬೇಡಿ. ಅವರ ಸಂಬಳ ನೋಡಿ ಪಾಸ್ಟರ್ ಸಂಬಳ ಕಡಿಮೆ ಮಾಡುವುದಂತೂ ಬೇಡವೇ ಬೇಡ.

ಹೆಜ್ಜೆ 8: ಎಲ್ಲ ಸೇರಿಸಿ ನೋಡಿ

ಒಂದು ಉದಾಹರಣೆ. ಸಭೆಯ ಸರಾಸರಿ ಆದಾಯ ತಿಂಗಳಿಗೆ 42,000 ಅಂದುಕೊಳ್ಳೋಣ. ಸಂಬಳ 15,600, ಮನೆ ಬಾಡಿಗೆ 6,000, ಪೆಟ್ರೋಲ್–ಫೋನ್–ಸತ್ಕಾರ 2,500, ವಿಮೆಗೆ 1,500, ಪಿಂಚಣಿ ಉಳಿತಾಯ 1,500, ಗ್ರಾಚುಟಿಗೆ 750. ಒಟ್ಟು 27,850. ಹಾಲ್ ಬಾಡಿಗೆ 9,000, ಕರೆಂಟು ಚಿಲ್ಲರೆ ಖರ್ಚು 3,000. ಎಲ್ಲ ಸೇರಿ 39,850. ಉಳಿಯುವುದು 2,150.

ಈ 2,150 ಸೌಂಡ್ ಸಿಸ್ಟಂಗೆ ಅಲ್ಲ. ಅದನ್ನು ಬೇರೆ ಖಾತೆಯಲ್ಲಿ ಕೂಡಿಡಿ, ಮೂರು ತಿಂಗಳ ಸಂಬಳದಷ್ಟು ಆಗುವ ತನಕ. ಜೂನ್‌ನಲ್ಲಿ ತಟ್ಟೆ ಖಾಲಿಯಾದಾಗ ಸಂಬಳ ಅಲ್ಲಿಂದ ಬರುತ್ತದೆ.

ಇಷ್ಟು ಆದಾಯವೇ ಇಲ್ಲ ಅನ್ನುವ ಸಭೆಗಳೇ ಜಾಸ್ತಿ, ಗೊತ್ತು. ಅಂಥ ಕಡೆ ಅರ್ಧ ಸಂಬಳಕ್ಕೆ ಅರ್ಧ ಕೆಲಸ ಅಂತ ಒಪ್ಪಿಕೊಳ್ಳಿ. ವಾರದಲ್ಲಿ ಮೂರು ದಿನ ಸಭೆಗೆ, ಉಳಿದ ದಿನ ಅವರು ಟ್ಯೂಷನ್ ಹೇಳಲಿ, ಆಟೋ ಓಡಿಸಲಿ, ಹೊಲ ನೋಡಿಕೊಳ್ಳಲಿ. ಆಮೇಲೆ "ಬುಧವಾರ ಫೋನ್ ಎತ್ತಲಿಲ್ಲ" ಅಂತ ದೂರಬೇಡಿ. ಪಕ್ಕದ ಊರಿನ ಸಭೆಯ ಜೊತೆ ಒಬ್ಬ ಪಾಸ್ಟರನ್ನು ಹಂಚಿಕೊಳ್ಳುವುದು ಇನ್ನೊಂದು ದಾರಿ. ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ ಆರಾಧನೆ ಇಟ್ಟುಕೊಂಡರಾಯಿತು.

ಪರದೇಶದಿಂದ ಸಹಾಯ ಬರುತ್ತದೆ ಅನ್ನುವವರು ಹುಷಾರಾಗಿರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಭೆ ವಿದೇಶಿ ಹಣ ಪಡೆಯುವಂತಿಲ್ಲ. ಅದನ್ನು ಪಾಸ್ಟರ್ ಸ್ವಂತ ಖಾತೆಗೆ ಹಾಕಿಸುವುದಂತೂ ಅವರನ್ನೇ ತೊಂದರೆಗೆ ದೂಡಿದಂತೆ. ದುಬೈಯಲ್ಲೋ ಕುವೈತಲ್ಲೋ ದುಡಿಯುತ್ತಿರುವ ನಿಮ್ಮ ಸಭೆಯ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದಲ್ಲಿದ್ದು ಅಲ್ಲಿನ ಪೌರತ್ವ ತೆಗೆದುಕೊಂಡ ಅಣ್ಣ ಕಳಿಸಿದರೆ ಅದು ವಿದೇಶಿ ದೇಣಿಗೆಯೇ.

ಹೆಜ್ಜೆ 9: ಬ್ಯಾಂಕು, ತೆರಿಗೆ, ನಿರ್ಣಯ

ಕವರ್ ಪದ್ಧತಿ ಬಿಡಿ. ತಿಂಗಳ 1ನೇ ತಾರೀಖು ಟ್ರಸ್ಟ್ ಖಾತೆಯಿಂದ ಪಾಸ್ಟರ್ ಖಾತೆಗೆ ಹೋಗಲಿ. ಜೊತೆಗೆ ಸಂಬಳ ಚೀಟಿ ಕೊಡಿ. ಮಗಳ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.

ಗೌರವಧನ ಅಂತ ಹೆಸರಿಟ್ಟರೆ, ಕಾಣಿಕೆ ಅಂತ ಕರೆದರೆ ತೆರಿಗೆ ತಪ್ಪುತ್ತದೆ ಅನ್ನುವ ನಂಬಿಕೆ ಬಿಡಿ. 1958ರಲ್ಲೇ ಸುಪ್ರೀಂ ಕೋರ್ಟ್, ವೇದಾಂತ ಬೋಧಿಸುತ್ತಿದ್ದ ಗುರುವೊಬ್ಬರಿಗೆ ಶಿಷ್ಯ ಕೊಟ್ಟ ಹಣವನ್ನು ವೃತ್ತಿಯ ಆದಾಯ ಅಂತ ಹೇಳಿತ್ತು. 2024ರ ನವೆಂಬರ್‌ನಲ್ಲಿ, ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಕ್ರೈಸ್ತ ಸನ್ಯಾಸಿನಿಯರ, ಗುರುಗಳ ಸಂಬಳಕ್ಕೂ ಟಿಡಿಎಸ್ (ಸಂಬಳ ಕೊಡುವಾಗಲೇ ತೆರಿಗೆ ಹಿಡಿಯುವುದು) ಅನ್ವಯಿಸುತ್ತದೆ ಅನ್ನುವುದನ್ನು ಎತ್ತಿಹಿಡಿಯಿತು. ಹೆದರಬೇಕಾಗಿಲ್ಲ. 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟ್ ಇರುವುದರಿಂದ ನಮ್ಮ ಪಾಸ್ಟರ್‌ಗಳು ಕಟ್ಟಬೇಕಾದ ತೆರಿಗೆ ಸೊನ್ನೆ. ಲೆಕ್ಕ ಮಾತ್ರ ನೆಟ್ಟಗಿರಬೇಕು.

ಪಾಸ್ಟರೇ ಟ್ರಸ್ಟಿ ಕೂಡ ಆಗಿದ್ದರೆ, ಸಂಬಳ ನಿರ್ಧರಿಸುವ ಹೊತ್ತಿಗೆ ಅವರು ಹೊರಗೆ ಹೋಗಬೇಕು, ಹೋದರು ಅಂತ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಟ್ರಸ್ಟಿಗೆ ಕೆಲಸಕ್ಕೆ ತಕ್ಕಷ್ಟೇ ಸಂಬಳ ಕೊಡಬಹುದು, ಮೀರಿದರೆ ವಿನಾಯಿತಿಗೇ ಕುತ್ತು. ಪಾಸ್ಟರ್, ಅವರ ಹೆಂಡತಿ, ಅವರ ತಮ್ಮ, ಮೂವರೇ ಟ್ರಸ್ಟಿಗಳಾಗಿರುವ ಸಭೆಗಳೂ ಇವೆ. ಅಲ್ಲಿ ಸಮಸ್ಯೆ ಕಡಿಮೆ ಸಂಬಳದ್ದಲ್ಲ, ಲೆಕ್ಕ ಕೇಳುವವರೇ ಇಲ್ಲದ್ದು. ಹೊರಗಿನ ಇಬ್ಬರನ್ನು ಸೇರಿಸಿಕೊಳ್ಳುವ ತನಕ ಈ ಲೇಖನದ ಬೇರೆ ಯಾವ ಹೆಜ್ಜೆಯೂ ಅಲ್ಲಿ ಸರಿಯಾಗಿ ಕೂರುವುದಿಲ್ಲ.

ನಿರ್ಣಯ ಹೀಗೆ ಬರೆಯಬಹುದು: "ಸಭಾಪಾಲಕರ ಮಾಸಿಕ ಸಂಬಳ ಇಷ್ಟು. ಮನೆ ಬಾಡಿಗೆ, ವಿಮೆ, ಪಿಂಚಣಿ, ಗ್ರಾಚುಟಿಗೆ ಸಭೆ ಕೊಡುವ ಮೊತ್ತ ಇಷ್ಟಿಷ್ಟು. ವಾರದ ರಜೆ ಸೋಮವಾರ, ವಾರ್ಷಿಕ ರಜೆ 21 ದಿನ. ಪ್ರತಿ ಮಾರ್ಚ್‌ನಲ್ಲಿ ಕಮಿಟಿ ತಾನಾಗಿಯೇ ಸಂಬಳ ಪರಿಶೀಲಿಸುತ್ತದೆ. ಸಭಾಪಾಲಕರು ಅರ್ಜಿ ಕೊಡಬೇಕಾಗಿಲ್ಲ. ಯಾವುದೇ ಕಡೆಯವರು ಬಿಡಬೇಕೆಂದರೆ ಮೂರು ತಿಂಗಳ ನೋಟಿಸ್." ಎಲ್ಲ ಟ್ರಸ್ಟಿಗಳ ಸಹಿ, ತಾರೀಖು ಹಾಕಿಸಿ. ಮೂರು ಪ್ರತಿ ಮಾಡಿ. ಒಂದು ಸಭೆಯ ಫೈಲಿಗೆ, ಒಂದು ಪಾಸ್ಟರ್‌ಗೆ, ಇನ್ನೊಂದು ಪಾಸ್ಟರಮ್ಮನ ಕೈಗೆ. ತಿಂಗಳ ಖರ್ಚು ತೂಗಿಸುವವರು ಅವರೇ.